ಪ್ರಾಗ್ ನಗರದ ಎರಡು ಬಗೆಯ ಕಥೆಗಳು

ಚೆಕ್ ರಾಜಧಾನಿ ಪ್ರಾಗ್‌ನಲ್ಲಿ ಮಾರ್ಗದರ್ಶಿಯ ಜೊತೆ ನಡೆದು ಊರು ನೋಡುವವರು ಸಾಮಾನ್ಯವಾಗಿ ಹಳೆಪೇಟೆಯ ಚೌಕದಿಂದ ಹೊರಡುತ್ತಾರೆ. ಅಲ್ಲಿನ ಪುರಭವನದ ಖಗೋಳ ಗಡಿಯಾರ 1410ರದು. ಇಂಥದ್ದು ಇನ್ನೊಂದು ಊರಿಗೆ ಸಿಗಬಾರದೆಂದು ಪುರಪ್ರಮುಖರು ಅದನ್ನು ಮಾಡಿದ ಹನೂಷನ ಕಣ್ಣು ಕೀಳಿಸಿದರಂತೆ. ದಾಖಲೆಯಲ್ಲಿರುವ ಹೆಸರು ಮಾತ್ರ ಕಾದಾನ್ ಊರಿನ ಮಿಕುಲಾಷನದು. ಗಡಿಯಾರಕ್ಕೆ ನಿಜವಾದ ಪೆಟ್ಟು ಬಿದ್ದದ್ದು 1945ರ ಮೇ ತಿಂಗಳಲ್ಲಿ. ನಾಜಿ ಆಕ್ರಮಣದ ವಿರುದ್ಧ ದಂಗೆಯೆದ್ದ ನಗರದ ಮೇಲೆ ಜರ್ಮನ್ ಸೈನ್ಯ ನಡೆಸಿದ ದಾಳಿಗೆ ಪುರಭವನ ಹೊತ್ತಿ ಉರಿಯಿತು, ಗಂಟೆಗೊಮ್ಮೆ ಕಾಣಿಸಿಕೊಳ್ಳುವ ಅಪೊಸ್ತಲರ ಮರದ ಬೊಂಬೆಗಳೂ ಸುಟ್ಟುಹೋದವು. ಈಗಿರುವವು ಆಮೇಲೆ ಕೆತ್ತಿದವು.

ಅಲ್ಲಿಂದ ಯಹೂದಿ ಕೇರಿ ಯೋಸೆಫೋವ್‌ಗೆ ನಾಲ್ಕು ಹೆಜ್ಜೆ. 1609ರಲ್ಲಿ ತೀರಿಕೊಂಡ ರಬ್ಬಿ ಲೋವ್ ಜೇಡಿಮಣ್ಣಿನಿಂದ ಗೋಲೆಮ್ ಎಂಬ ಕಾವಲುಗಾರನನ್ನು ಮಾಡಿ ಜೀವ ತುಂಬಿದನೆಂಬ ಕಥೆ ಇಲ್ಲಿಯದು. ಕಥೆ ಅಚ್ಚಾದದ್ದು ಅವನು ಸತ್ತು ಎರಡು ಶತಮಾನ ಕಳೆದ ಮೇಲೆ. ಗೋಲೆಮ್ ಮಲಗಿದ್ದಾನೆನ್ನುವ ಸಿನಗಾಗ್‌ನ ಅಟ್ಟ ಹತ್ತಿದ ನಾಜಿಯೊಬ್ಬ ಜೀವಂತ ಇಳಿಯಲಿಲ್ಲ ಎಂಬ ಬಾಲವೂ ಅದಕ್ಕೆ ಸೇರಿಕೊಂಡಿದೆ. ಕೇರಿಯ ಯಹೂದಿಗಳನ್ನು ಯಾವ ಗೋಲೆಮನೂ ಕಾಯಲಿಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು.

ಇವು ದಂತಕಥೆಗಳು; ಇನ್ನೊಂದು ಬಗೆಯಾದ ಯುದ್ಧಕಾಲದ ಗೂಢಚರ್ಯೆಯ ಕಥೆಗಳಿಗೆ ವಿಳಾಸವಿದೆ, ದಿನಾಂಕವಿದೆ. ಜರ್ಮನ್ ಸೇನಾ ಬೇಹುಗಾರಿಕೆಯ ಅಧಿಕಾರಿ ಪಾಲ್ ಟ್ಯೂಮೆಲ್ ‘ಎ-54’ ಎಂಬ ಸಂಕೇತನಾಮದಲ್ಲಿ ಚೆಕ್ಕರಿಗೆ ಗುಟ್ಟು ಒದಗಿಸುತ್ತಿದ್ದ. ಅವನ ಸಂಪರ್ಕದಲ್ಲಿದ್ದ ಚೆಕ್ ಹೋರಾಟಗಾರ ವಾಸ್ಲಾವ್ ಮೊರಾವೆಕ್, ನಾಜಿ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಮನೆ ಸುತ್ತುವರಿದಾಗ ಆಂಟೆನಾ ತಂತಿ ಹಿಡಿದು ಕೆಳಗೆ ಜಾರಿ ಪಾರಾದ; ತಂತಿ ಕೊಯ್ದು ಒಂದು ಬೆರಳು ಹೋಯಿತು. 1942ರ ಮಾರ್ಚ್ 21ರಂದು ಗುಂಡಿನ ಕಾಳಗದಲ್ಲಿ ಅವನು ಸತ್ತ. ಟ್ಯೂಮೆಲ್‌ನನ್ನು ಯುದ್ಧ ಮುಗಿಯಲು ಕೆಲವೇ ವಾರ ಉಳಿದಿದ್ದಾಗ ನಾಜಿಗಳು ಕೊಂದರು.

ನಡಿಗೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ರೆಸ್ಲೋವಾ ಬೀದಿಯ ಸಿರಿಲ್–ಮೆಥೋಡಿಯಸ್ ಚರ್ಚು. 1942ರ ಮೇ 27ರಂದು ನಾಜಿ ಆಡಳಿತಗಾರ ಹೈಡ್ರಿಕ್ ಮೇಲೆ ಎರಗಿದವರು ಬ್ರಿಟನ್‌ನಲ್ಲಿ ತರಬೇತಾಗಿ ಪ್ಯಾರಾಚೂಟ್‌ನಲ್ಲಿ ಇಳಿದ ಯೊಜೆಫ್ ಗಾಬ್ಚಿಕ್ ಮತ್ತು ಯಾನ್ ಕುಬಿಶ್. ಗಾಬ್ಚಿಕ್‌ನ ಸ್ಟೆನ್ ಗನ್ ಕೈಕೊಟ್ಟಿತು; ಕುಬಿಶ್ ಎಸೆದ ಬಾಂಬು ಕೆಲಸ ಮಾಡಿತು. ಜೂನ್ 4ರಂದು ಹೈಡ್ರಿಕ್ ಸತ್ತ. ಸೇಡಿಗೆ ಲಿಡಿಟ್ಸೆ ಹಳ್ಳಿಯೇ ನೆಲಸಮವಾಯಿತು; ಅಲ್ಲಿ ಗುಂಡಿಕ್ಕಿ ಕೊಂದ ಗಂಡಸರು 173. ಸಂಗಡಿಗ ಕರೆಲ್ ಚುರ್ದಾ ಗೆಸ್ಟಾಪೊಗೆ ಬಾಯಿಬಿಟ್ಟ. ಜೂನ್ 18ರಂದು ಈ ಚರ್ಚಿನಲ್ಲಿ ಅಡಗಿದ್ದ ಗಾಬ್ಚಿಕ್, ಕುಬಿಶ್ ಸೇರಿ ಏಳು ಮಂದಿಯಲ್ಲಿ ಮೂವರು ಮೇಲೆ, ನಾಲ್ವರು ನೆಲಮಾಳಿಗೆಯಲ್ಲಿ ಗಂಟೆಗಟ್ಟಲೆ ಕಾದಾಡಿದರು. ಬೀದಿಯ ಮಟ್ಟದ ಕಿರುಗಂಡಿಯಿಂದ ಅಗ್ನಿಶಾಮಕ ದಳದ ಕೊಳವೆ ತೂರಿಸಿ ಜರ್ಮನರು ಒಳಗೆ ನೀರು ತುಂಬಿಸಿದರು. ಏಳು ಮಂದಿಯಲ್ಲಿ ಯಾರೂ ಬದುಕುಳಿಯಲಿಲ್ಲ. ಆ ಗಂಡಿಯ ಸುತ್ತ ಕಲ್ಲು ಕಿತ್ತ ಗುಂಡಿನ ಗುರುತುಗಳನ್ನು ಮುಚ್ಚದೆ ಹಾಗೆಯೇ ಉಳಿಸಿದ್ದಾರೆ. ಕೈಗೆ ಎಟಕುವ ಎತ್ತರದಲ್ಲಿವೆ. ಆಶ್ರಯ ಕೊಟ್ಟದ್ದರ ಹೊಣೆ ಹೊತ್ತ ಬಿಷಪ್ ಗೊರಾಜ್ದ್‌ಗೆ ಸೆಪ್ಟೆಂಬರಿನಲ್ಲಿ ಮರಣದಂಡನೆಯಾಯಿತು. ಚುರ್ದಾನನ್ನು 1947ರಲ್ಲಿ ಗಲ್ಲಿಗೇರಿಸಲಾಯಿತು.

ದಾಳಿ ನಡೆದ ಲಿಬೆನ್ ಬಡಾವಣೆ ಹಳೆಪೇಟೆಯಿಂದ ದೂರ, ಟ್ರಾಮ್ ಹಿಡಿಯಬೇಕು. ಹೈಡ್ರಿಕ್‌ನ ಕಾರು ನಿಧಾನಿಸಿದ ಆ ತಿರುವು ರಸ್ತೆ ಬದಲಾಗಿ ಅಳಿಸಿಹೋಗಿದೆ, ಸಮೀಪದಲ್ಲಿ ಸ್ಮಾರಕವೊಂದಿದೆ.