ಉಪಗ್ರಹವೂ ಅರಣ್ಯವೂ

ಕಾಡಿನಿಂದ ಪಡೆಯುವವನು ಕಾಡನ್ನು ಕಾಯಲೂ ಬಲ್ಲವನಾಗಬೇಕು. ಸ್ವೀಡನ್ ದೇಶದಲ್ಲಿ ಇಂದು ಮರಗಳನ್ನು ಉರುಳಿಸುವುದು ಕೊಡಲಿಯಲ್ಲ, ಸುಮಾರು 20 ಟನ್ ತೂಗುವ ಯಂತ್ರ. ಹಸಿನೆಲದಲ್ಲಿ ಅದರ ಗಾಲಿ ಹೂತರೆ ಆಳವಾದ ಜಾಡು ಬಿದ್ದು, ಕೆಸರು ತೊರೆಗಿಳಿದು, ಮೀನಿನ ಮೊಟ್ಟೆಗಳು ಉಸಿರುಗಟ್ಟುತ್ತವೆ.

ಇದರ ನಿವಾರಣೆಗೆ ವಿಜ್ಞಾನವು ನೆರವಾಗಿದೆ. ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಏರಿಳಿತಗಳನ್ನು ಅಳೆಯುವ ರಾಷ್ಟ್ರೀಯ ಕಾರ್ಯವು ಅಲ್ಲಿ 2009ರಲ್ಲಿ ಆರಂಭವಾಯಿತು. ಆ ಅಳತೆಗಳಿಂದ ಗಣಕಯಂತ್ರವು ತೇವದ ತಾವುಗಳ ನಕಾಶೆಯನ್ನು ರಚಿಸುತ್ತದೆ. ಉಪಗ್ರಹಗಳ ಸಂಕೇತವು ಆ ನಕಾಶೆಯ ಮೇಲೆ ಯಂತ್ರದ ನೆಲೆಯನ್ನು ತೋರುತ್ತದೆ. ಚಾಲಕನು ಹಸಿನೆಲವನ್ನು ತಪ್ಪಿಸಿ ಸಾಗಬಲ್ಲನು.

ಆದರೆ ದಟ್ಟವಾದ ಮರಗಳ ಮರೆಯಲ್ಲಿ ಸಂಕೇತವು ಕ್ಷೀಣಿಸಿ, ನೆಲೆಯು ಹಲವು ಮೀಟರುಗಳಷ್ಟು ತಪ್ಪುವುದುಂಟು. ಆಗ ಗೆರೆಗಿಂತ ಸಾಕಷ್ಟು ಈಚೆಗೇ ನಿಲ್ಲುವ ಸಂಯಮವು ಚಾಲಕನದೇ. ನಿಂತಿರುವುದೆಲ್ಲಿ ಎಂಬುದನ್ನು ಆಕಾಶವು ತಿಳಿಸೀತು. ನಿಲ್ಲಬೇಕಾದುದೆಲ್ಲಿ ಎಂಬುದನ್ನು ವಿವೇಕವೇ ತಿಳಿಸಬೇಕು.