ತಕ್ಕಡಿ ಕಾಣದ ಟರ್ಮಿನಲ್

ದುಬೈಯಲ್ಲಿ ವಿಮಾನ ನಿಲ್ದಾಣಗಳು ಎರಡು. ನಮ್ಮ ಊರಿನವರಿಗೆ ಗುರುತಿರುವುದು ಹಳೆಯದು. ಮಂಗಳೂರಿನ ವಿಮಾನ ಹೊರಡುವುದು ಅಲ್ಲಿಂದಲೇ. ಇನ್ನೊಂದು ಜಬಲ್ ಅಲಿಯ ಅಲ್ ಮಕ್ತೂಮ್. 2010ರಲ್ಲಿ ಸರಕು ವಿಮಾನಗಳಿಗೆ, 2013ರಲ್ಲಿ ಪ್ರಯಾಣಿಕರಿಗೆ ಅದು ತೆರೆಯಿತು. 2016ರ ಕೊನೆಗೆ ಖಾಸಗಿ ಜೆಟ್‌ಗಳಲ್ಲಿ ಬಂದುಹೋಗುವವರಿಗೆಂದೇ ಅಲ್ಲೊಂದು ವಿಐಪಿ ಟರ್ಮಿನಲ್ ಆಯಿತು. ಕರಾವಳಿಯ ನಾವು ಕೆಲವರು ಕೆಲಸಕ್ಕೆ ಸೇರಿದ್ದು ಆ ಕಡೆಗೆ. ಕಾರು ಓಡಿಸುವುದು, ಪೆಟ್ಟಿಗೆ ಇಳಿಸುವುದು, ವಿಮಾನದ ಮೆಟ್ಟಿಲಿನ ಬುಡದಲ್ಲಿ ಕಾರ್ಪೆಟ್ ಹಾಸುವುದು ನಮ್ಮ ಕೆಲಸ.

ರಜೆಯಲ್ಲಿ ಊರಿಗೆ ಬಂದರೆ ಎಲ್ಲರದೂ ಒಂದೇ ಪ್ರಶ್ನೆ, "ಅಲ್ಲಿ ಬಾತ್‌ರೂಮಿನ ನಲ್ಲಿಯೂ ಚಿನ್ನದ್ದಂತೆ, ಹೌದಾ?" ಅಂಥದ್ದನ್ನು ನಾವು ನೋಡಿಲ್ಲ. ಮೆತ್ತನೆಯ ಸೋಫಾ, ಖರ್ಜೂರ, ಕಾಫಿ, ತಣ್ಣನೆಯ ಗಾಳಿ, ಅಷ್ಟೇ. ಅಲ್ಲಿ ಮಾರಾಟವಾಗುವ ಸರಕು ಬೇರೆಯೇ. ಅದು ಕಾಯದೆ ಇರುವ ಸೌಕರ್ಯ. ಪಾಸ್‌ಪೋರ್ಟ್ ನೋಡುವವರು, ಕಸ್ಟಮ್ಸ್‌ನವರು, ಸ್ಕ್ಯಾನಿಂಗ್ ಎಲ್ಲವೂ ಅದೇ ಕಟ್ಟಡದಲ್ಲಿವೆ. ಕಾನೂನು ಅವರಿಗೂ ಉಂಟು, ಸರತಿಯ ಸಾಲು ಮಾತ್ರ ಇಲ್ಲ. ಪ್ರಯಾಣಿಕರು ತಡವಾಗಿ ಬಂದರೆ ವಿಮಾನ ಅವರನ್ನು ಬಿಟ್ಟು ಹೋಗುವುದಿಲ್ಲ. ಹಾರಾಟಕ್ಕೆ ಬೇರೆ ಸಮಯ ಕೇಳಿ ಪಡೆಯುವ ತಲೆಬಿಸಿ ಕಚೇರಿಯವರದು.

ಆದರೆ ನಮಗೆ ಆಶ್ಚರ್ಯ ತಂದದ್ದು ತೂಕದ ಲೆಕ್ಕ. ಈ ಲೋಕದಲ್ಲಿ ತೂಕವೆಂದರೆ ವಿಮಾನದ ತೂಕ. ಇಳಿಯುವ ಶುಲ್ಕವನ್ನು ಅದರ ಮೇಲೆಯೇ ಲೆಕ್ಕ ಹಾಕುತ್ತಾರೆ. ಸಣ್ಣ ಜೆಟ್ಟಿಗೆ ಭಾರ ಹೆಚ್ಚಾದರೆ ಅಪಾಯವೇ, ಪೈಲಟ್ ಅದನ್ನು ಕೂಡಿ ಕಳೆದು ನೋಡಿಯೇ ನೋಡುತ್ತಾನೆ. ಹೆಚ್ಚಾಯಿತೋ, ಇಂಧನ ಕಡಿಮೆ ತುಂಬಿಸಿ ನಡುದಾರಿಯಲ್ಲಿ ಎಲ್ಲಾದರೂ ಇಳಿದು ಮತ್ತೆ ತುಂಬಿಸಿಕೊಳ್ಳುವುದೂ ಉಂಟು. ಪೆಟ್ಟಿಗೆ ಬಿಚ್ಚಿ ಅರ್ಧ ಹೊರಗಿಡಿ ಎಂದು ಆ ಪ್ರಯಾಣಿಕರಿಗೆ ಹೇಳಿದ್ದನ್ನು ನಾವು ಕೇಳಿಲ್ಲ.

ನಮ್ಮದು 30 ಕಿಲೋದ ಬದುಕು. ರಟ್ಟಿನ ಪೆಟ್ಟಿಗೆ, ಸುತ್ತ ನೈಲಾನ್ ಹಗ್ಗ, ಮೇಲೆ ಮಾರ್ಕರ್‌ನಲ್ಲಿ ಹೆಸರು ಮತ್ತು ಊರು. ಹಿಂದಿನ ರಾತ್ರಿ ರೂಮಿನಲ್ಲಿ ಕೈತಕ್ಕಡಿಗೆ ನೇತುಹಾಕಿ ಮೂರು ಸಲ ತೂಗಿದ್ದರೂ ಕೌಂಟರಿನಲ್ಲಿ ಅದು 32 ತೋರಿಸುತ್ತದೆ. ಮತ್ತೆ ಹಗ್ಗ ಬಿಚ್ಚಬೇಕು. ಹಾಲಿನ ಪುಡಿಯ ಡಬ್ಬ ತೆಗೆಯುವುದೋ, ತಂಗಿಯ ಮಗುವಿನ ಶೂ ತೆಗೆಯುವುದೋ? ಹಿಂದೆ ನಿಂತವರೆಲ್ಲ ನೋಡುತ್ತಿರುತ್ತಾರೆ. ಮಾರನೆಯ ತಿಂಗಳು ಮರಳಿ ಬಂದು ನಾವು ಇನ್ನೊಬ್ಬರ ಹನ್ನೆರಡು ಸೂಟ್‌ಕೇಸುಗಳನ್ನು ಕಾರಿನಿಂದ ಎತ್ತಿ ನೇರವಾಗಿ ವಿಮಾನಕ್ಕೆ ಇಡುತ್ತೇವೆ.

ತಕ್ಕಡಿ ಅಲ್ಲಿಗೂ ನಿಲ್ಲುತ್ತಿರಲಿಲ್ಲ. ಗಲ್ಫಿನಲ್ಲಿ ತೀರಿಹೋದವರ ದೇಹ ಊರಿಗೆ ಹೋಗುವುದು ಕಾರ್ಗೋದಲ್ಲಿ. ಬಹಳ ಕಾಲ ಅದರ ಬಾಡಿಗೆಯೂ ಕಿಲೋ ಲೆಕ್ಕದಲ್ಲಿತ್ತು, ಶವಪೆಟ್ಟಿಗೆಯ ಮರದ ಭಾರವನ್ನೂ ಸೇರಿಸಿ. ಯುಎಇಯ ಭಾರತೀಯರು ವರ್ಷಗಟ್ಟಲೆ ಬೇಡಿಕೊಂಡ ಮೇಲೆ 2019ರ ಜನವರಿಯಲ್ಲಿ ಏರ್ ಇಂಡಿಯಾ ಈ ತೂಗುವಿಕೆಯನ್ನು ಬಿಟ್ಟು, 1,500 ದಿರ್ಹಮ್ ಎಂದು ಒಂದೇ ದರ ಮಾಡಿತು. 12 ವರ್ಷದೊಳಗಿನ ಮಕ್ಕಳಿಗೆ ಅದರ ಅರ್ಧ. ನಮ್ಮ ರೂಮಿನ ಹಿರಿಯರೊಬ್ಬರು ತೀರಿಕೊಂಡದ್ದು ಅದಕ್ಕಿಂತ ಮೊದಲು. ಕಾಕ ಎಂದೇ ನಾವು ಕರೆಯುತ್ತಿದ್ದೆವು. ದಪ್ಪ ಮೈಯವರು. ಚೀಟಿಯಲ್ಲಿ ಬರೆದಿದ್ದ ಕಿಲೋಗಳನ್ನು ಅವರ ಮನೆಯವರಿಗೆ ನಾವು ಹೇಳಲಿಲ್ಲ. ಫೋನಿನಲ್ಲಿ ಮಗ "ದುಡ್ಡು ಎಷ್ಟಾಯಿತು?" ಎಂದು ಎರಡು ಸಲ ಕೇಳಿದ. ಎಲ್ಲ ಆಗಿದೆ ಮೋನೇ, ನೀನು ಉಮ್ಮನನ್ನು ನೋಡಿಕೋ ಎಂದೆವು.

ಈಗ ಅಲ್ ಮಕ್ತೂಮ್ ದೊಡ್ಡದಾಗುತ್ತಿದೆ. 128 ಬಿಲಿಯನ್ ದಿರ್ಹಮ್‌ನ ಹೊಸ ಟರ್ಮಿನಲ್ಲಿನ ಯೋಜನೆಗೆ 2024ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಮುಂದೆ ಹಳೆಯ ನಿಲ್ದಾಣದ ಕೆಲಸವೆಲ್ಲ ಇಲ್ಲಿಗೇ ಬರುತ್ತದಂತೆ. ಹಾಗಾದರೆ ಮಂಗಳೂರಿನ ವಿಮಾನವೂ ಇಲ್ಲಿಂದಲೇ ಹೊರಟೀತು. ಕೌಂಟರ್ ಯಾವ ಕಡೆ ಬರುತ್ತದೆ, ಕಾರ್ಗೋ ಯಾವ ಕಡೆ ಎಂದು ನಮ್ಮ ಹುಡುಗರು ಈಗಲೇ ಲೆಕ್ಕ ಹಾಕುತ್ತಿದ್ದಾರೆ.