ಉಣ್ಣಲೊಲ್ಲದ ಅತಿಥಿ

ಮನೆಯಲ್ಲಿರುವ ಜೀವವೊಂದು ಆಹಾರಕ್ಕೆ ಬಾಯಿ ತೆರೆಯದೆ ಕುಳಿತರೆ ಆ ಮನೆಗೆ ನೆಮ್ಮದಿಯಿರುವುದಿಲ್ಲ. ತೊಟ್ಟಿಲ ಕೂಸು ಹಾಲು ಒಲ್ಲೆನೆಂದರೂ, ಮುಪ್ಪಿನ ಹಿರಿಯರು ತಾಟನ್ನು ಅತ್ತ ಸರಿಸಿದರೂ, ಕೊಟ್ಟಿಗೆಯ ಎತ್ತು ಮೇವು ಬಿಟ್ಟರೂ ಒಲೆಯ ಮುಂದಿನ ತಾಯಿಗೆ ತುತ್ತು ಇಳಿಯದು. ದಾಸೋಹದ ಸಂಸ್ಕಾರದಲ್ಲಿ ಬೆಳೆದ ಮನೆತನಗಳಲ್ಲಿ ಈ ಸಂಕಟ ಇನ್ನೂ ಹೆಚ್ಚು. ಹಸಿದು ಬಂದವರಿಗೆ ಉಣಬಡಿಸುವುದನ್ನು ನಾವೆಲ್ಲ ಬಲ್ಲೆವು. ಉಣ್ಣಲೊಲ್ಲದವರ ಮುಂದೆ ಹೇಗೆ ನಡೆದುಕೊಳ್ಳಬೇಕೆಂಬುದು ಮಾತ್ರ ಬೇರೆಯೇ ವಿದ್ಯೆ. ಆ ವಿದ್ಯೆಯ ಒಂದು ಪಾಠವನ್ನು ನಮಗೆ ಕಲಿಸಿದ್ದು ಒಂದು ಗೋಸುಂಬೆ. ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇವೆ.

ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರ ನಮ್ಮೂರು. ಎರೆಯ ಹೊಲಗಳಲ್ಲಿ ಬಿಳಿಜೋಳ, ತೊಗರಿ. ಬದುವಿನ ಮೇಲೆ ಜಾಲಿ, ಬೇವು, ಬಾರಿಯ ಗಿಡಗಳು. ಈ ಬದು ಬೇಲಿಗಳೇ ಗೋಸುಂಬೆಯ ವಾಸಸ್ಥಾನ. ಇದನ್ನು ಊಸರವಳ್ಳಿ ಎಂದೂ ಕರೆಯುವರು. ಬೇಲಿಯ ಮೇಲೆ ತಲೆಯಾಡಿಸುತ್ತ ಕೂಡುವ ಓತಿಕ್ಯಾತವನ್ನೇ ಗೋಸುಂಬೆಯೆಂದು ತಿಳಿದವರೂ ಇದ್ದಾರೆ. ಅದು ಬೇರೆ, ಇದು ಬೇರೆ. ಗೋಸುಂಬೆಯ ಎರಡು ಕಣ್ಣುಗಳು ಒಂದು ಮುಂದಕ್ಕೂ ಒಂದು ಹಿಂದಕ್ಕೂ ಏಕಕಾಲದಲ್ಲಿ ನೋಡಬಲ್ಲವು. ಪಾದಗಳು ಇಕ್ಕಳದಂತೆ ಟೊಂಗೆಯನ್ನು ಹಿಡಿಯುತ್ತವೆ. ನಾಲಗೆಯು ಮೈಯಷ್ಟೇ ಉದ್ದಕ್ಕೆ ಚಿಮ್ಮಿ ಕೀಟವನ್ನು ಸೆಳೆದುಕೊಳ್ಳುತ್ತದೆ. ಜಗತ್ತಿನಲ್ಲಿ 200ಕ್ಕೂ ಮಿಕ್ಕಿದ ಗೋಸುಂಬೆ ಜಾತಿಗಳಿದ್ದು, ಅವುಗಳಲ್ಲಿ ಅರ್ಧದಷ್ಟು ಮಡಗಾಸ್ಕರ್ ದ್ವೀಪದವು. ನಮ್ಮ ಭಾರತದಲ್ಲಿರುವುದು ಒಂದೇ ಒಂದು ಜಾತಿ.

ಇಷ್ಟೊಂದು ಸಾಧುವಾದ ಪ್ರಾಣಿಗೆ ನಮ್ಮ ಜನರಲ್ಲಿ ಒಳ್ಳೆಯ ಹೆಸರಿಲ್ಲ. ಮಾತು ತಪ್ಪುವವನನ್ನು, ಪಕ್ಷ ಬದಲಿಸುವವನನ್ನು ಗೋಸುಂಬೆಗೆ ಹೋಲಿಸುತ್ತೇವೆ. ಅದು ಕಚ್ಚಿದರೆ ವಿಷವೇರುವುದೆಂದು ಹೆದರಿ ಕಲ್ಲೆಸೆಯುವವರಿದ್ದಾರೆ. ಅದಕ್ಕೆ ವಿಷವೆಂಬುದೇ ಇಲ್ಲ. ಬಣ್ಣ ಬದಲಿಸುವುದೂ ಮೋಸಕ್ಕಾಗಿ ಅಲ್ಲ. ಬಿಸಿಲು, ಚಳಿ, ಅಂಜಿಕೆ, ಸಿಟ್ಟು ಇವೆಲ್ಲ ಅದರ ಮೈಮೇಲೆ ತೋರುತ್ತವೆ. ಗೋಸುಂಬೆಯ ಚರ್ಮದೊಳಗೆ ಅತಿ ಸೂಕ್ಷ್ಮ ಹರಳುಗಳ ಜಾಲವಿದ್ದು, ಅದು ಬಿಗಿದಾಗ ಒಂದು ಬಣ್ಣ, ಸಡಿಲಿದಾಗ ಇನ್ನೊಂದು ಬಣ್ಣ ಹೊರಹೊಮ್ಮುವುದನ್ನು ಮಡಗಾಸ್ಕರಿನ ಒಂದು ಜಾತಿಯಲ್ಲಿ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ಮನಸ್ಸಿನಲ್ಲಿದ್ದುದನ್ನು ಮೈಮೇಲೆ ತೋರುವ ಪ್ರಾಣಿಯನ್ನು ನಾವು ಕಪಟದ ಗುರುತಾಗಿ ಮಾಡಿಕೊಂಡಿದ್ದೇವೆ.

2023ರ ದಸರೆಯ ರಜೆಗೆ ನಮ್ಮ ಮೊಮ್ಮಗ ಊರಿಗೆ ಬಂದಿದ್ದನು. ನಾವು ದಂಪತಿಗಳು ಸಿಂದಗಿಯ ಕಡೆ ಬೀಗರ ಮನೆಯ ಮದುವೆಗೆ ಹೋಗಿ ಮರಳುವಷ್ಟರಲ್ಲಿ ಪಡಸಾಲೆಯ ಮೂಲೆಯಲ್ಲಿ ಪಾದರಕ್ಷೆಯ ರಟ್ಟಿನ ಪೆಟ್ಟಿಗೆಯೊಂದು ಕಂಡಿತು. ಮುಚ್ಚಳಕ್ಕೆ ತೂತುಗಳನ್ನು ಮಾಡಲಾಗಿತ್ತು. ಒಳಗೆ ಗೋಸುಂಬೆ. ಹೊಲದ ಬದುವಿನಲ್ಲಿ, ಬೇವಿನ ಗಿಡದ ಬುಡದಲ್ಲಿ ನೆಲದ ಮೇಲೆ ನಿಧಾನವಾಗಿ ನಡೆಯುತ್ತಿದ್ದುದನ್ನು ಗೆಳೆಯರ ಕಲ್ಲಿನಿಂದ ಕಾಪಾಡಿ ಹುಡುಗ ಎತ್ತಿ ತಂದಿದ್ದನು. ಅವನ ಮನಸ್ಸಿನಲ್ಲಿದ್ದುದು ಕರುಣೆಯೇ. ಬಟ್ಟಲಲ್ಲಿ ನೀರಿಟ್ಟಿದ್ದನು, ಅನ್ನವಿಟ್ಟಿದ್ದನು, ರೊಟ್ಟಿಯ ಚೂರು, ಬಾಳೆಹಣ್ಣು, ಸತ್ತ ನೊಣಗಳನ್ನೂ ಇಟ್ಟಿದ್ದನು. ಯಾವುದನ್ನೂ ಅದು ಮುಟ್ಟಿರಲಿಲ್ಲ. ಹಸಿರಾಗಿದ್ದ ಮೈ ಕಂದುಗಟ್ಟಿತ್ತು.

“ಮುತ್ಯಾ, ಎರಡ ದಿನಾ ಆತು, ಇದು ಏನೂ ತಿನ್ನವಲ್ದು,” ಎಂದ ಹುಡುಗನ ಕಣ್ಣು ತುಂಬಿದ್ದವು.

ಬಾಯಿ ಬಿಡಿಸಿ ಹಾಲು ಹನಿಸಿರೆಂದು ನೆರೆಯವರೊಬ್ಬರು ಸಲಹೆಯಿತ್ತರು. ನಮ್ಮ ಮನೆಯವರು ಒಪ್ಪಲಿಲ್ಲ. “ಮೂಕ ಜೀವ ಸುಮ್ಮನ ಉಪವಾಸ ಮಾಡಂಗಿಲ್ಲರೀ. ಏನರ ಹೇಳಾಕತ್ತೈತಿ. ಮೊದಲ ಅದನ್ನ ತಿಳಕೋರಿ,” ಎಂದರು. ಅವರ ಈ ಮಾತು ಕೊಟ್ಟಿಗೆಯಲ್ಲಿ ಕಲಿತದ್ದು. ಎತ್ತು ಕಣಿಕೆ ಬಿಟ್ಟರೆ ಒಕ್ಕಲುಮಗ ಅದರ ಬಾಯಿಗೆ ಮೇವು ತುರುಕುವುದಿಲ್ಲ. ಮೆಲುಕು ಹಾಕುತ್ತಿದೆಯೇ, ಮೂಗಿನ ತುದಿ ತೇವವಾಗಿದೆಯೇ ಒಣಗಿದೆಯೇ, ಹೊಟ್ಟೆ ಉಬ್ಬಿದೆಯೇ, ಸಗಣಿ ಹೇಗಿದೆ, ಕಿವಿ ಬಿಸಿಯೋ ತಣ್ಣಗೋ ಎಂದು ನೋಡುತ್ತಾನೆ. ಮೇವು ಬಿಟ್ಟದ್ದು ರೋಗವಲ್ಲ, ರೋಗದ ಸುದ್ದಿ ಎಂಬುದನ್ನು ಅವನು ಬಲ್ಲ.

ಮರುದಿನ ಬೆಳಿಗ್ಗೆ ಪರಿಚಯದ ಪಶುವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಮೊದಲು ಮಾಡಿದ ಕೆಲಸವೆಂದರೆ ಪೆಟ್ಟಿಗೆಯಿಂದ ತೆಗೆದು ಎಲೆಯುಳ್ಳ ಟೊಂಗೆಯೊಂದರ ಮೇಲೆ ಬಿಟ್ಟು, ಎಲೆಗಳಿಗೆ ನೀರು ಚಿಮುಕಿಸಿದ್ದು. ಸ್ವಲ್ಪ ಹೊತ್ತಿಗೆ ಅದು ಎಲೆಯ ತುದಿಯ ಹನಿಯನ್ನು ನೆಕ್ಕತೊಡಗಿತು. ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ನೀರೆಂದೇ ಗುರುತಿಸುವುದಿಲ್ಲವಂತೆ. ಇಬ್ಬನಿಯಾಗಿ, ಮಳೆಹನಿಯಾಗಿ ಎಲೆಯ ಮೇಲೆ ಹೊಳೆಯುವ ನೀರೇ ಅದಕ್ಕೆ ನೀರು. ಆಹಾರವೂ ಹಾಗೆಯೇ. ಕಣ್ಣ ಮುಂದೆ ಚಲಿಸುವ ಮಿಡತೆ, ನೊಣಗಳೇ ಅದಕ್ಕೆ ಊಟ. ಅಲುಗಾಡದೆ ಬಿದ್ದದ್ದು ಕಲ್ಲಿಗೆ ಸಮ. ಅದು ತಣ್ಣನೆಯ ರಕ್ತದ ಪ್ರಾಣಿ. ಬಿಸಿಲಿನಿಂದ ಮೈ ಕಾಯದಿದ್ದರೆ ತಿಂದದ್ದು ಅರಗುವುದಿಲ್ಲ, ಹಸಿವೂ ಹುಟ್ಟುವುದಿಲ್ಲ. ಮೇಲಾಗಿ ಮನುಷ್ಯರ ಮುಖಗಳು ಹತ್ತಿರದಿಂದ ಬಾಗಿ ನೋಡುತ್ತಿದ್ದರೆ ಅಂಜಿಕೆಯಿಂದಲೇ ಬಾಯಿ ಕಟ್ಟುವುದು. ಬಲವಂತದಿಂದ ಹಾಲು ಹನಿಸಿದ್ದರೆ ದವಡೆ ಮುರಿಯಬಹುದಿತ್ತು, ಇಲ್ಲವೆ ಹಾಲು ಶ್ವಾಸನಾಳಕ್ಕೆ ಇಳಿಯಬಹುದಿತ್ತು.

ಇಷ್ಟನ್ನು ಹೇಳಿ ಅವರು ಅದರ ಹೊಟ್ಟೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದರು. “ಇದು ಹೆಣ್ಣು. ಹೊಟ್ಟೆಯ ತುಂಬ ತತ್ತಿಗಳಿವೆ,” ಎಂದರು.

ಆಗ ಎಲ್ಲವೂ ತಿಳಿಯಿತು. ಗಿಡದ ಮೇಲೆಯೇ ಬಾಳುವ ಗೋಸುಂಬೆ ನೆಲಕ್ಕಿಳಿಯುವುದು ಅಪರೂಪ; ತತ್ತಿ ಇಡುವ ಕಾಲಕ್ಕೆ ಹೆಣ್ಣು ಇಳಿಯಲೇಬೇಕು. ಹಸಿ ಮಣ್ಣನ್ನು ಹುಡುಕಿ, ಗುಂಡಿ ತೋಡಿ, ಹತ್ತಾರು ತತ್ತಿಗಳನ್ನಿಟ್ಟು, ಮಣ್ಣು ಮುಚ್ಚಿ ಮತ್ತೆ ಗಿಡ ಏರುತ್ತದೆ. ಆ ದಿನಗಳಲ್ಲಿ ಅದು ತಾನಾಗಿಯೇ ಆಹಾರ ಬಿಡುವುದು. ತೋಡಲು ಮಣ್ಣು ಸಿಗದಿದ್ದರೆ ತತ್ತಿಗಳು ಒಳಗೇ ಉಳಿದು ತಾಯಿ ಸಾಯುತ್ತದೆ. ಹುಡುಗನ ಪೆಟ್ಟಿಗೆಯಲ್ಲಿ ಅನ್ನವಿತ್ತು, ನೀರಿತ್ತು, ಪ್ರೀತಿಯೂ ಇತ್ತು. ಅದಕ್ಕೆ ಬೇಕಾಗಿದ್ದ ಒಂದು ಹಿಡಿ ಹಸಿ ಮಣ್ಣು ಮಾತ್ರ ಇರಲಿಲ್ಲ.

ಬಿಸಿಲು ಏರಿದ ಮೇಲೆ ಅದೇ ಬೇವಿನ ಗಿಡದ ಬಳಿ ಬಿಟ್ಟೆವು. ಎಲ್ಲಿಂದ ಎತ್ತಿದೆವೋ ಅಲ್ಲಿಯೇ ಬಿಡಬೇಕು, ತಡಮಾಡಬಾರದು ಎಂದು ವೈದ್ಯರು ಹೇಳಿದ್ದರು. ಬದುವಿನ ಬದಿಯ ನೆಲದಲ್ಲಿ ಆಗ ಇನ್ನೂ ಹಸಿಯಿತ್ತು. ಮರುದಿನ ಮೊಮ್ಮಗನೊಡನೆ ದೂರದಲ್ಲಿ ಕುಳಿತು ನೋಡಿದಾಗ, ಮುಂಗಾಲುಗಳಿಂದ ಮಣ್ಣು ಕೆದರುತ್ತ ಅದು ತಲೆಯನ್ನು ಗುಂಡಿಯೊಳಗಿಟ್ಟಿತ್ತು. ಹುಡುಗ ಹತ್ತಿರ ಹೋಗಲೆಂದು ಎದ್ದವನು ತಾನೇ ಕುಳಿತುಕೊಂಡನು. ಸಂಜೆಗೆ ಆ ಜಾಗದ ಮಣ್ಣು ಮುಚ್ಚಿತ್ತು, ಗೋಸುಂಬೆ ಇರಲಿಲ್ಲ.

“ಮರಿಗೆ ಯಾರು ಉಣಿಸ್ತಾರ, ಮುತ್ಯಾ?” ಎಂದು ಕೇಳಿದನು. ತಾಯಿ ಮರಳಿ ಬರುವುದಿಲ್ಲ. ತಿಂಗಳುಗಟ್ಟಲೆ ಮಣ್ಣೊಳಗಿದ್ದು ಹೊರಬಂದ ಮರಿಗಳು ತಾವೇ ಬೇಟೆಯಾಡಿ ಬದುಕುತ್ತವೆ. ಅದನ್ನು ಕೇಳಿ ಅವನಿಗೆ ಅರ್ಧ ಸಮಾಧಾನ, ಅರ್ಧ ದುಃಖ. ನಮ್ಮ ಕಡೆಯಿಂದ ಮಾಡಬಹುದಾಗಿದ್ದುದು ಒಂದೇ: ಆ ಬದುವಿನ ಬದಿಯ ಎರಡು ಮಾರು ನೆಲಕ್ಕೆ ಆ ವರ್ಷ ಕುಂಟೆ ಹೊಡೆಯಲಿಲ್ಲ.

ಇಲ್ಲಿ ಕಾನೂನಿನ ಮಾತನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ನಮ್ಮ ಗೋಸುಂಬೆಗೂ ರಕ್ಷಣೆ ಕೊಟ್ಟಿದೆ. ಅದನ್ನು ಹಿಡಿಯುವುದು, ಮನೆಯಲ್ಲಿ ಸಾಕುವುದು, ಮಾರುವುದು ಅಪರಾಧ. ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಪರದೇಶದ ಕೆಲವು ಜಾತಿಗಳನ್ನು ನಮ್ಮ ನಗರಗಳಲ್ಲಿಯೂ ಸಾಕುವವರಿದ್ದಾರೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಅಂಥ ಪ್ರಾಣಿಗಳನ್ನು ನೋಂದಾಯಿಸಬೇಕೆಂದು ಕೇಂದ್ರ ಸರಕಾರವು 2024ರಲ್ಲಿ ನಿಯಮಗಳನ್ನು ಹೊರಡಿಸಿದೆ.

ಅಮೆರಿಕದಲ್ಲಿರುವ ನಮ್ಮ ಸೋದರಳಿಯನ ಮನೆಯಲ್ಲಿ, ಅಲ್ಲಿಯ ಕಾನೂನಿಗೆ ಒಳಪಟ್ಟು, ಯೆಮೆನ್ ದೇಶದ ಮೂಲದ ಗೋಸುಂಬೆಯೊಂದನ್ನು ಮಕ್ಕಳು ಸಾಕಿಕೊಂಡಿದ್ದಾರೆ. ಅದು ಬೇಲಿಯಿಂದ ಹಿಡಿದದ್ದಲ್ಲ, ಪಂಜರದಲ್ಲಿಯೇ ಹುಟ್ಟಿದ್ದು. ಆದ್ದರಿಂದ ಅದನ್ನು ಬಯಲಿಗೆ ಬಿಡುವಂತಿಲ್ಲ. ಕಳೆದ ವರ್ಷ ಅದೂ ಆಹಾರ ಬಿಟ್ಟಿತು. ಹುಳುಗಳನ್ನು ಬದಲಿಸಿ ನೋಡಿದರು, ಫಲವಾಗಲಿಲ್ಲ. ನಮ್ಮ ಊರಿನ ಸಂಗತಿಯನ್ನು ದೂರವಾಣಿಯಲ್ಲಿ ತಿಳಿಸಿ, ಆಹಾರವನ್ನು ಬಿಟ್ಟು ಉಳಿದುದನ್ನು ಪರೀಕ್ಷಿಸಿರೆಂದೆವು. ಅಲ್ಲಿಯ ವೈದ್ಯರು ಕಂಡುಹಿಡಿದ ಕಾರಣ ದೀಪ. ಇಂಥ ಪ್ರಾಣಿಗಳಿಗೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬೇಕು. ಅವುಗಳಿಂದಲೇ ಮೈಯಲ್ಲಿ ‘ಡಿ’ ಜೀವಸತ್ವವಾಗಿ, ಸುಣ್ಣದ ಅಂಶ ಎಲುಬಿಗೆ ಸೇರುತ್ತದೆ. ಅದು ತಪ್ಪಿದರೆ ದವಡೆ ಮೆತ್ತಗಾಗಿ, ನಾಲಗೆಗೆ ಚಿಮ್ಮುವ ಶಕ್ತಿ ಕುಂದುತ್ತದೆ. ಪಂಜರದ ವಿಶೇಷ ದೀಪ ಹಳೆಯದಾಗಿತ್ತು. ಬೆಳಕು ಮೊದಲಿನಂತೆಯೇ ಕಾಣುತ್ತಿತ್ತು. ಬೇಕಾದ ಕಿರಣ ಮಾತ್ರ ಮುಗಿದುಹೋಗಿತ್ತು. ದೀಪ ಬದಲಿಸಿ, ವೈದ್ಯರು ಹೇಳಿದಂತೆ ಸುಣ್ಣದ ಪುಡಿ ಸವರಿದ ಹುಳುಗಳನ್ನು ಕೊಡುತ್ತ ಬಂದ ಮೇಲೆ ಕೆಲವು ವಾರಗಳಲ್ಲಿ ಅದು ಮತ್ತೆ ಬೇಟೆಗೆ ತೊಡಗಿತು.

ಒಂದೇ ಲಕ್ಷಣ, ಎರಡು ಕಾರಣ. ಒಂದಕ್ಕೆ ಮಣ್ಣು ಬೇಕಾಗಿತ್ತು, ಇನ್ನೊಂದಕ್ಕೆ ಬೆಳಕು. ಎರಡರಲ್ಲಿಯೂ ಕೊರತೆಯಿದ್ದುದು ಆಹಾರದ್ದಲ್ಲ. ಇಂಥ ಪ್ರಾಣಿಯನ್ನು ನ್ಯಾಯವಾಗಿ ಸಾಕಿಕೊಂಡ ಕುಟುಂಬಗಳು ನೆನಪಿಡಬೇಕಾದುದು ಇಷ್ಟು: ಮೈ ಕಾಯಿಸಲು ಬಿಸಿ ಜಾಗ, ಸರಿಯಲು ತಂಪು ಜಾಗ, ಮರೆಯಾಗಲು ಎಲೆ, ಹನಿಯಾಗಿ ಬೀಳುವ ನೀರು, ಒಂದಕ್ಕೊಂದು ಕಾಣದಂತೆ ಒಂಟಿ ವಾಸ. ಹೆಣ್ಣಾದರೆ ಗಂಡಿನ ಸಂಗವಿಲ್ಲದೆಯೂ ತತ್ತಿ ಇಡುವುದುಂಟು. ಅದಕ್ಕೆ ತೋಡಲು ಹಸಿ ಮರಳಿನ ಪಾತ್ರೆ ಇರಲಿ. ಕಣ್ಣು ಒಳಗೆ ಹೋಗಿದ್ದರೆ ನೀರಿನ ಕೊರತೆಯೆಂದು ಶಂಕಿಸಬೇಕು. ಬಾಯಿ ಬಾತಿದ್ದರೆ, ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಮಕ್ಕಳು ಬೇಲಿಯ ಜೀವವನ್ನು ಮನೆಗೆ ತಂದಾಗ ಗದರಿಸಿ ಹೊರಗೆಸೆಯುವುದು ಸುಲಭ. ಹಾಗೆ ಮಾಡಿದರೆ ಕಾನೂನು ಉಳಿದೀತು, ಮಗುವಿನ ಕರುಣೆ ಉಳಿಯದು. ಅದರೊಡನೆ ಕುಳಿತು, ಈ ಜೀವ ಏನನ್ನು ಬೇಡುತ್ತಿದೆ ಎಂದು ಕೇಳುವ ಅಭ್ಯಾಸವನ್ನು ಕಲಿಸೋಣ. ಶರಣರು ಸಕಲ ಜೀವಿಗಳಲ್ಲಿ ದಯೆಯಿರಲೆಂದು ಬೋಧಿಸಿದ ನಾಡು ನಮ್ಮದು. ನಮಗೆ ಪ್ರಿಯವಾದುದನ್ನು ಅನ್ಯರ ಬಾಯಿಗಿಡುವುದಷ್ಟೇ ದಯೆಯಲ್ಲ. ಅವರಿಗೆ ಬೇಕಾದುದನ್ನು ಅರಿಯುವುದೂ ದಯೆಯೇ. ಮನೆಯ ಸೊಸೆ ಊಟ ಬಿಟ್ಟಾಗ, ಪರೀಕ್ಷೆಗೆ ಕುಳಿತ ಮಗ ತಾಟು ಸರಿಸಿದಾಗ, ಮುಪ್ಪಿನ ತಂದೆ ಹಸಿವಿಲ್ಲವೆಂದಾಗ ಇನ್ನೊಂದು ತುತ್ತಿಗೆ ಒತ್ತಾಯಿಸುವ ಮೊದಲು ಒಂದು ಗಳಿಗೆ ಪಕ್ಕದಲ್ಲಿ ಕುಳಿತು ವಿಚಾರಿಸುವುದು ಒಳ್ಳೆಯದು.